ಸೆರಗು ಹೊದ್ದ ಹಾಯಿ

ಮನುಷ್ಯ ಒಂದು ಹೋಟೆಲಿಗೆ ಕಾಲಿಡುವುದಿಲ್ಲವೆಂದು ಶಪಥ ಮಾಡಿದರೆ, ಅವನ ಬಳಗದವರು ಹುಡುಕಿ ಹುಡುಕಿ ಅದೇ ಹೋಟೆಲಿನಲ್ಲಿ ಕಾರ್ಯ ಇಟ್ಟುಕೊಳ್ಳುತ್ತಾರೆ. ಹೋದ ವೈಶಾಖದಲ್ಲಿ ಕೆರೂರಿನ ನನ್ನ ತಂಗಿ ತನ್ನ ಮಗನ ನಿಶ್ಚಯವನ್ನು ಬಾದಾಮಿಯ ಹೊರಗಿನ ಆ ಹೋಟೆಲಿನಲ್ಲಿ ಇಟ್ಟುಕೊಂಡಳು. ಸೋದರಮಾವನಿಲ್ಲದೆ ನಿಶ್ಚಯವಾಗುತ್ತದೆಯೇ? ಶಪಥವನ್ನು ಚಪ್ಪಲಿಯ ಜೊತೆ ಬಾಗಿಲ ಬಳಿ ಬಿಟ್ಟು ಒಳಗೆ ಹೋದೆ.

ಮಲ್ಲಿಗೆ, ಪನ್ನೀರು, ಹೊಸ ಬಣ್ಣ ಎಲ್ಲವನ್ನೂ ಮೆಟ್ಟಿ ಅಗಸಿ ಎಣ್ಣೆಯ ವಾಸನೆ ಬಂತು. ನಿಂತುಬಿಟ್ಟೆ. ಹೆಸರು ಬರೆಸುವ ಮೇಜಿನ ಹಿಂದೆ, ಗೋಡೆಯಗಲದ ಚೌಕಟ್ಟಿನಲ್ಲಿ, ಬಿಳಿ ಒಡಲಿನ, ಕೆಂಪು ಸೆರಗಿನ ದಪ್ಪ ಬಟ್ಟೆಯೊಂದನ್ನು ಬಿಗಿದು ಕಟ್ಟಿದ್ದರು. ಮೇಜಿನ ಹುಡುಗಿ ನಾನು ಕೇಳದಿದ್ದರೂ ವಿವರಿಸಿದಳು.

"ಚಾಲುಕ್ಯರ ಕಾಲದ ಹಡಗಿನ ಹಾಯಿ ನೋಡ್ರಿ ಅಜ್ಜಾರ. ಹಳೀದು ಕೆಡಬಾರದಂತ ವರ್ಷಕ್ಕೊಮ್ಮೆ ಎಣ್ಣಿ ಹಚ್ಚತೇವ್ರಿ."

"ಆ ಮೂಲ್ಯಾಗ ತೇಪಿ ಅದ ಅಲ್ಲವಾ, ಅದು?"

"ಅದೂ ಆಗಿನದ ರೀ."

ಆ ತೇಪೆ ನನ್ನ ಹಳೆಯ ಧೋತರದ ಚೂರು. ಹೊಲಿದವನು ನಾನೇ. ಚಾಲುಕ್ಯರ ಸೈನ್ಯದಲ್ಲಿ ನನಗೆ ಇಷ್ಟು ಹಿರಿತನವಿದ್ದದ್ದು ಪಿಂಚಣಿ ಕಚೇರಿಗೆ ಗೊತ್ತಿಲ್ಲ.

ನಾನು ಭೂಗೋಳದ ಮಾಸ್ತರ. "ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ" ಎಂಬ ವಾಕ್ಯವನ್ನು ನೌಕರಿಯುದ್ದಕ್ಕೂ ಹೇಳಿಕೊಟ್ಟೆ. ಒಂದು ದ್ವೀಪವನ್ನೂ ಕಂಡಿರಲಿಲ್ಲ. ನನ್ನ ಮೊದಲ ಶಾಲೆ ಘಟಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ, ಊರ ಹೊರಗಿನ ದಿನ್ನೆಯ ಮೇಲಿತ್ತು. ಹಳ್ಳಿಯ ಹೆಸರು ಹೇಳುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ನಾನು ವರ್ಗವಾಗಿ ಹೋದ ಮೇಲೆ ಆಣೆಕಟ್ಟಿನ ಹಿನ್ನೀರು ಬಂತು. ಊರು ಗಂಟುಮೂಟೆ ಕಟ್ಟಿಕೊಂಡು ಎತ್ತರಕ್ಕೆ ಹೋಯಿತು. ದಿನ್ನೆ ಮಾತ್ರ ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ನೀರಿಳಿದಾಗ ತಲೆಯೆತ್ತಿ, ರಸ್ತೆಯಿಂದ ದೂರ, ಯಾರಿಗೂ ಬೇಡವಾಗಿ ಉಳಿಯಿತು. ನಾನು ಕಲಿಸಿದ ವ್ಯಾಖ್ಯೆ ಕೊನೆಗೆ ನನ್ನ ಶಾಲೆಯ ಮೇಲೇ ಬಂದು ಕುಳಿತಿತು.

ಇದನ್ನು ನನಗೆ ತಿಳಿಸಿದವನು ಹುಲಗಪ್ಪ. ಅದೇ ಶಾಲೆಯಲ್ಲಿ ದ್ವೀಪದ ವ್ಯಾಖ್ಯೆ ಹೇಳಲಾರದೆ ಬೆಂಚಿನ ಮೇಲೆ ನಿಂತ ಹುಡುಗ. ಈಗ ಹಿನ್ನೀರಿನಲ್ಲಿ ಬಲೆ ಬೀಸುವ ನರೆಗೂದಲಿನ ಮೀನುಗಾರ. ನಾನು ನಿವೃತ್ತನಾಗಿ ಬಾಗಲಕೋಟೆಯ ನವನಗರದಲ್ಲಿ ಕೂತಿದ್ದಾಗ ಒಂದು ದಿನ ಮನೆಗೆ ಬಂದ.

"ಸರ, ನಮ್ಮ ಸಾಲ್ಯಾಗ ಹೊಸಾ ಹುಡುಗರು ಬಂದಾವ್ರಿ. ಭಾಳ ಗದ್ದಲ ಹಾಕ್ತಾವು. ನೀವೊಮ್ಮೆ ಬಂದು ನೋಡಬೇಕ ನೋಡ್ರಿ."

ಹರಗೋಲಿನಲ್ಲಿ ತಾಸು ಹೊತ್ತು ಗಿರಗಿರ ತಿರುಗಿ ಹೋಗಿ ನೋಡಿದೆ. ಶಾಲೆಯ ಬುನಾದಿಯ ಕಲ್ಲುಗಳ ನಡುವೆ, ಉಸುಕಿನಲ್ಲಿ, ಗೂಡು ಎನ್ನಲೂ ಆಗದಂಥ ಸಣ್ಣ ತಗ್ಗುಗಳಲ್ಲಿ ಮೊಟ್ಟೆಗಳು. ಮೇಲೆ ಹಳದಿ ಕೊಕ್ಕಿನ, ಕರಿ ಟೊಪ್ಪಿಗೆಯ ಬಿಳಿ ಹಕ್ಕಿಗಳು. ಪುಸ್ತಕದಲ್ಲಿ ಹೊಳೆ ರೀವ ಎಂದಿದೆ. ಧ್ವಜದ ಕಟ್ಟೆಯ ಮೇಲೆ ಒಂದು ಹಕ್ಕಿ ಮುಖ್ಯೋಪಾಧ್ಯಾಯರ ಹಾಗೆ ಕೂತಿತ್ತು. ನಮ್ಮನ್ನು ಕಂಡೊಡನೆ ಇಡೀ ಶಾಲೆ ಎದ್ದು ಕಿರಿಚಿತು. ಹುಲಗಪ್ಪ ಹರಗೋಲನ್ನು ಹಿಂದಕ್ಕೆ ತಳ್ಳಿದ. "ಭಾಳ ಹೊತ್ತು ಎಬ್ಬಸಬಾರದ್ರಿ. ಈ ಬಿಸಲಾಗ ತತ್ತಿ ಬೆಂದು ಹೋಗ್ತಾವು."

ಈ ಸುದ್ದಿಯನ್ನು ನಾನು ಹೇಳಿದ್ದು ಒಬ್ಬನಿಗೆ: ಸಂಗಣ್ಣನಿಗೆ. ಕಾಲೇಜಿನಿಂದ ಜೊತೆಯವನು; ಹುನಗುಂದದಲ್ಲಿ ಅವನ ಅರಿವೆಯ ಅಂಗಡಿ. ವಾರಕ್ಕೊಮ್ಮೆ ಅವನು ಬಾಗಲಕೋಟೆಗೆ ಬರಬೇಕು, ಇಲ್ಲವೇ ನಾನು ಹುನಗುಂದಕ್ಕೆ ಹೋಗಬೇಕು. ಇಲ್ಲವಾದರೆ ಇಬ್ಬರ ಮನೆಯವರಿಗೂ ನಮ್ಮ ಕಾಟ ತಡೆಯದು. ಸುದ್ದಿ ಕೇಳಿ ಅವನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ. ಸಂಗಣ್ಣ ಬಾಗಿಲು ಮುಚ್ಚಿ ಮಾತಾಡುವುದು ಗ್ರಹಣದಷ್ಟು ಅಪರೂಪ. ಆಮೇಲೆ, "ರಾಘ್ಯಾ, ಇದನ್ನ ಯಾರಿಗೂ ಹೇಳಬ್ಯಾಡ" ಎಂದ. ಅಂದರೆ ಆ ಮಾತು ಮೊದಲು ಬಂದದ್ದು ಅವನ ಬಾಯಿಂದ. ಇದು ದಾಖಲಾಗಬೇಕು.

ಶಿವಯೋಗ ಮಂದಿರದ ಹತ್ತಿರ, ಮಲಪ್ರಭೆಯ ದಂಡೆಯ ಮೇಲೆ, ಅವನು ತನ್ನ ಕೊರಳಿನ ಲಿಂಗ ಮುಟ್ಟಿ, ನಾನು ಜನಿವಾರ ಮುಟ್ಟಿ ಆಣೆ ಮಾಡಿದೆವು. ಎರಡು ಕಲಮು. ಒಂದು, ಜಾಗವನ್ನು ಯಾರಿಗೂ ಹೇಳತಕ್ಕದ್ದಲ್ಲ. ಎರಡು, ಒಬ್ಬನನ್ನು ಬಿಟ್ಟು ಇನ್ನೊಬ್ಬ ಹೋಗತಕ್ಕದ್ದಲ್ಲ. ಅರವತ್ತು ದಾಟಿದ ಇಬ್ಬರು ಹೊಳೆಯ ದಂಡೆಯಲ್ಲಿ ಎದೆ ಮುಟ್ಟಿಕೊಂಡು ನಿಂತದ್ದನ್ನು ಕಂಡು ದನ ಕಾಯುವ ಮುದುಕಿಯೊಬ್ಬಳು, "ಎದಿ ನೋಯ್ತತೇನ್ರಿ? ದವಾಖಾನಿಗೆ ಹೋಗ್ರಿ" ಎಂದಳು.

ಇನ್ನು ವಾಹನದ ಪ್ರಶ್ನೆ. ಹರಗೋಲು ಸಂಗಣ್ಣನಿಗೆ ಸರಿಬರಲಿಲ್ಲ. "ಅದಕ್ಕ ಮಾರಿ ಯಾವ್ದು, ಬೆನ್ನ ಯಾವ್ದು ತಿಳಿಯಂಗಿಲ್ಲ. ಹೋಗು ಅಂದ್ರ ಸುತ್ತತೈತಿ, ನಮ್ಮ ಕಾಕಾನಂಗ." ಮೋಟಾರ್ ಬೋಟು ಅಂದಾಗ ಅವನು ಎರಡೂ ಕಿವಿ ಮುಚ್ಚಿಕೊಂಡ. "ಥೂ, ಬ್ಯಾಡೋ. ಅದರ ಸಪ್ಪಳಕ್ಕ ಹಕ್ಕಿ ಹಾರಿ ಹೋಗಿ ತತ್ತಿ ಸುಟ್ಟು ಹೋಗ್ತಾವು. ಹಾಯಿದೋಣಿ ತರೂಣು. ಗಾಳಿ ನೂಕತೈತಿ, ನಾವು ಬಾಯಿ ಮುಚಗೊಂಡು ಕುಂದರೂದು." ಇದೂ ದಾಖಲಾಗಬೇಕು.

ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಹಾಯಿದೋಣಿ ಎಂಬ ಪದಾರ್ಥವಿಲ್ಲ. ಕಾರ್ತಿಕ ಮುಗಿದ ಮೇಲೆ ಬಸ್ಸು ಹತ್ತಿ ಕರಾವಳಿಗೆ ಹೋದೆವು. ಅಳಿವೆಯ ಬಾಯಲ್ಲಿ ಒಬ್ಬ ಮುದಿ ತಂಡೇಲ, ಅಂದರೆ ದೋಣಿಯ ಯಜಮಾನ, ಮಾರಲಿಕ್ಕೆ ಮೂರು ದೋಣಿ ತೋರಿಸಿದ. ದೋಣಿ ಆರಿಸುವುದು ಹೇಗೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಎತ್ತು ಆರಿಸುವುದು ಗೊತ್ತಿತ್ತು. ಸಂಗಣ್ಣ ಮೊದಲ ದೋಣಿಯ ಪಕ್ಕೆ ತಟ್ಟಿದ, ಹಿಂದೆ ಹೋಗಿ ನಿಂತು ಬೆನ್ನಿನ ಇಳಿಜಾರು ನೋಡಿದ, ಕೂತು ಹೊಟ್ಟೆ ನೋಡಿದ. ಮೂತಿಯ ಹಲಗೆಯಲ್ಲಿ ಒಂದು ಗಂಟು ಕಂಡು ಮುಖ ಸಿಂಡರಿಸಿದ. "ಹಣಿ ಮ್ಯಾಲ ಸುಳಿ ಐತ್ರಿ. ಇದು ಮನಿ ಮುಳಗಸ್ತೈತಿ."

"ಇದು ದೋಣಿ ಮಾರಾಯ್ರೆ, ದನ ಅಲ್ಲ," ಎಂದ ತಂಡೇಲ. "ಮುಳುಗಿದ್ರೆ ಅದೇ ಮುಳುಗ್ತದೆ. ಮನೆಗೆ ಏನೂ ಆಗೂದಿಲ್ಲ."

ಎರಡನೆಯದು ಪ್ಲಾಸ್ಟಿಕ್ಕಿನಂಥ ಹಗುರ ದೋಣಿ. ಹುಲ್ಲು ಕಾಣದ ಕರುವಿನ ಹಾಗೆ ಅಲ್ಲಾಡುತ್ತಿತ್ತು. ಮೂರನೆಯದು ಗಿಡ್ಡ, ಕಪ್ಪು, ಹಳೆಯ ಮರದ್ದು. "ನಡಸಿ ತೋರಸ್ರಿ" ಎಂದ ಸಂಗಣ್ಣ. ತಂಡೇಲ ಹರಕು ಹಾಯಿ ಎತ್ತಿ ಒಂದು ಸುತ್ತು ಹೋಗಿ ಬಂದ. ಸಂಗಣ್ಣ ಕಣ್ಣು ಕಿರಿದು ಮಾಡಿ ಅದರ ನಡಿಗೆ ನೋಡಿ, "ಸಾಧು ಐತಿ, ಹಾಯಂಗಿಲ್ಲ. ಇದ ಇರಲಿ" ಎಂದು ತೀರ್ಪು ಕೊಟ್ಟ. ಆಶ್ಚರ್ಯವೆಂದರೆ ಅದು ಒಳ್ಳೆಯ ದೋಣಿಯೇ ಆಗಿತ್ತು. ಅರ್ಧ ದಿನ ನಮಗೆ ಹಗ್ಗ, ಚುಕ್ಕಾಣಿ ಹಿಡಿಯಲು ಕಲಿಸಿ, ಲಾರಿಗೆ ಏರಿಸುವಾಗ ತಂಡೇಲ ಕೇಳಿದ: "ನಿಮ್ಮ ಊರಲ್ಲಿ ಗಾಳಿ ಎಲ್ಲಿಂದ ಬರ್ತದೆ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಟ್ಟಿದಾಗಿನಿಂದ ಅಲ್ಲಿಯೇ ಇದ್ದೇವೆ. ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನಂತೂ ಭೂಗೋಳದ ಮಾಸ್ತರ.

"ಕಿಡಕ್ಯಾಗಿಂದ ರೀ," ಎಂದ ಸಂಗಣ್ಣ.

ತಂಡೇಲನ ಹಾಯಿ ಜೀರ್ಣವಾಗಿತ್ತು. ಹೊಸದಕ್ಕೆ ಇಳಕಲ್ಲಿಗೆ ಹೋದೆವು. ಸಂಗಣ್ಣನ ಅಂಗಡಿಗೆ ಸೀರೆ ನೇಯುವ ಪರಸಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದ. ಹಾಯಿ ಎಂದರೇನು ಎಂದು ಎರಡು ಸಲ ಕೇಳಿ ತಿಳಿದುಕೊಂಡ. ದಪ್ಪ ನೂಲು, ಬಿಳಿ ಒಡಲು, ಎರಡು ಪಟ್ಟಿ ಜೋಡಿಸಬೇಕು, ಎಲ್ಲಕ್ಕೂ ಒಪ್ಪಿದ. ಸೆರಗು, ಅಂಚು ಬೇಡ ಎಂದಾಗ ಮಾತ್ರ ಲಾಳಿ ಕೆಳಗಿಟ್ಟ.

"ಸೆರಗಿಲ್ಲದ ಅರಿವಿ ಈ ಮಗ್ಗದ ಮ್ಯಾಲಿಂದ ಇಳಿಯಂಗಿಲ್ರಿ. ಅದು ಹೆಣಕ್ಕ ಹೊದಿಸೂ ಅರಿವಿ ಆಗತೈತಿ. ನಮ್ಮಪ್ಪ ನೇಯ್ದಿಲ್ಲ, ನಾನೂ ನೇಯಂಗಿಲ್ಲ."

"ಅದು ದೋಣಿಗಪಾ ಪರಸಪ್ಪ, ಹೆಂಗಸರಿಗಲ್ಲ."

"ದೋಣಿಗೇನು ಮರ್ಯಾದಿ ಇರಂಗಿಲ್ಲೇನ್ರಿ ಯಜಮಾನ್ರ? ಇಷ್ಟ ಹೇಳ್ರಿ, ಸೆರಗ ಎಡಕ್ಕೋ, ಬಲಕ್ಕೋ?"

ಹೀಗೆ ನಮ್ಮ ಗುಪ್ತ ಕಾರ್ಯಾಚರಣೆಗೆ ಮೈಲು ದೂರದಿಂದ ಕಾಣುವ ಕೆಂಪು ಸೆರಗು ಬಂತು. ನೀರು ಹಿಡಿಯಬಾರದೆಂದು ಮನೆಯ ಮಾಳಿಗೆಯ ಮೇಲೆ ಹಾಸಿ ಅಗಸಿ ಎಣ್ಣೆ ಬಳಿಯುತ್ತಿದ್ದಾಗ ನನ್ನ ಹೆಂಡತಿ ಬಂದು ನೋಡಿದಳು. "ನನಗೊಂದು ಇಳಕಲ್ ಸೀರಿ ತಂದು ಎಷ್ಟ ವರ್ಷ ಆತೋ. ಈಗ ದೋಣಿಗೆ ಉಡಸ್ಲಿಕ್ಕೆ ಹೊಂಟಾರ." ಎಣ್ಣೆ ಬಳಿಯುವುದನ್ನು ಮುಂದುವರಿಸಿದೆ.

ಆ ಚಳಿಗಾಲ ಗಾಳಿಯನ್ನು ಕಲಿತೆವು. ಮುಂಜಾನೆ ಮೂಡಲಿಂದ ತಣ್ಣಗೆ ಬೀಸುವುದು, ಮಧ್ಯಾಹ್ನ ಸತ್ತಂತೆ ಮಲಗುವುದು, ಇಳಿಹೊತ್ತಿಗೆ ಪಡುವಲಿಂದ ಏಳುವುದು. ಹೋಗಲಿಕ್ಕೆ ಒಂದು, ಬರಲಿಕ್ಕೆ ಒಂದು. ಸರಕಾರಿ ಬಸ್ಸಿಗಿಂತ ನಂಬಿಗಸ್ತ. ಮೊದಲ ದಿನ ಹುಲಗಪ್ಪ ಜೊತೆಗೆ ಬಂದು, ನಾವು ಮೂರು ಸಲ ಒಂದೇ ಜಾಲಿಗಿಡಕ್ಕೆ ಹಾಯ್ದು ಹಾಯಿಯ ಮೂಲೆ ಹರಿದುಕೊಂಡದ್ದನ್ನು ನೋಡಿ, "ಗಿಡ ಸರೀತೈತೇನು ತಡೀರಿ ಸರ, ಕೇಳ್ತೇನಿ" ಎಂದ. ಸಂಕ್ರಾಂತಿಯ ಹೊತ್ತಿಗೆ ಸಂಗಣ್ಣ ಮುಂದೆ ಹಾಯಿಯ ಹಗ್ಗ ಹಿಡಿದು, ನಾನು ಹಿಂದೆ ಚುಕ್ಕಾಣಿ ಹಿಡಿದು, ಮಾತಿಲ್ಲದೆ ದಿನ್ನೆಯಿಂದ ದಿನ್ನೆಗೆ ಹೋಗುವಷ್ಟು ಕಲಿತಿದ್ದೆವು. ಅವನು ಏನಾದರೂ ಕಂಡರೆ ಎಡಗೈ ಎತ್ತುತ್ತಿದ್ದ. ನಾನು ಕಂಡರೆ ಅವನ ಬೆನ್ನಿಗೆ ತಟ್ಟುತ್ತಿದ್ದೆ. ಒಂದು ನಡುಗಡ್ಡೆಯಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಕಡಲೆ ಸೊಪ್ಪು ಮೇಯುತ್ತಿದ್ದವು. ಇನ್ನೊಂದರ ಮಗ್ಗುಲಲ್ಲಿ ನೀರುನಾಯಿಗಳ ಸಂಸಾರ ಮೀನು ಹಿಡಿದು ಜಗಳಾಡುತ್ತಿತ್ತು. ತೆಳುನೀರಿನಲ್ಲಿ ರಾಜಹಂಸಗಳು ತಲೆ ಕೆಳಗೆ ಮಾಡಿ, ಕಳೆದ ಉಂಗುರ ಹುಡುಕುವವರ ಹಾಗೆ ನಿಂತಿರುತ್ತಿದ್ದವು. ಹಾಯಿಗೆ ಯಾವುದೂ ಹೆದರಲಿಲ್ಲ. ಪರಸಪ್ಪನ ಸೆರಗನ್ನು ಅವು ಮನೆಯ ಹೆಂಗಸೆಂದೇ ತಿಳಿದವೋ ಏನೋ.

ಹೋಳಿ ಹುಣ್ಣಿಮೆಗೆ ಶಾಲೆ ಪೂರ್ತಿ ಮೇಲೆದ್ದಿತು. ಹೊಳೆ ರೀವಗಳು ಬಂದವು. ನಾನು ಹಳೆಯದೊಂದು ಹಾಜರಿ ಪುಸ್ತಕ ತೆಗೆದುಕೊಂಡು ಹೋಗಿ, ದೋಣಿಯಲ್ಲಿ ಕೂತೇ ದುರ್ಬೀನು ಹಿಡಿದು, ಗೂಡಿಗೊಂದು ನಂಬರು ಬರೆದೆ. ನಲವತ್ತಮೂರು. ನಿಯಮಗಳನ್ನೂ ಮಾಡಿಕೊಂಡೆವು: ಬಿಸಿಲೇರುವ ಮೊದಲು ಹೋಗುವುದು, ಅರ್ಧ ಗಂಟೆಗಿಂತ ಹೆಚ್ಚು ನಿಲ್ಲದಿರುವುದು, ದಿನ್ನೆಗೆ ಕಾಲಿಡದಿರುವುದು.

ಒಂದು ಮುಂಜಾನೆ, ಚೈತ್ರದ ಬಿಸಿಲು ಆಗಲೇ ಚುರುಗುಡುತ್ತಿತ್ತು. ತಾಯಿಹಕ್ಕಿಯೊಂದು ನೀರಿಗೆ ಹಾರಿ, ಹೊಟ್ಟೆಯನ್ನು ಅದ್ದಿ ಅದ್ದಿ ತೋಯಿಸಿಕೊಂಡು, ಹನಿ ಉದುರಿಸುತ್ತ ಬಂದು ಮೊಟ್ಟೆಗಳ ಮೇಲೆ ಕೂತಿತು. ಮತ್ತೆ ಹೋಯಿತು, ಮತ್ತೆ ತೋಯಿಸಿಕೊಂಡು ಬಂತು. ಸಂಗಣ್ಣ ಬಹಳ ಹೊತ್ತು ತಿರುಗಲಿಲ್ಲ. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು.

"ಸಣ್ಣಾಂವಿದ್ದಾಗ ನನಗ ಜ್ವರ ಬಂದ್ರ ನಮ್ಮವ್ವ ಸೆರಗ ತೋಯ್ಸಿ ಹಣಿ ಮ್ಯಾಲ ಹಾಕ್ತಿದ್ಳು. ಹಂಗ ಐತಿ ನೋಡಲೇ ರಾಘ್ಯಾ."

ಆ ಮಾತು ಅವನು ಆಡಿರದಿದ್ದರೆ ಆಮೇಲಿನದನ್ನು ನಾನು ಮರೆಯಬಹುದಿತ್ತು. ತಿಳಿಯದೆ ಮಾಡಿದ ಎನ್ನಬಹುದಿತ್ತು.

ಆ ತಿಂಗಳೇ ಕೆರೂರಿನಲ್ಲಿ ತಂಗಿಯ ಗಂಡನ ಅರವತ್ತರ ಶಾಂತಿ. ನಾಲ್ಕು ದಿನ ಹೋಗಿ ಬರುತ್ತೇನೆ, ಅಲ್ಲಿಯವರೆಗೆ ದೋಣಿ ಹುಲಗಪ್ಪನ ದಂಡೆಗೆ ಕಟ್ಟಿರಲಿ ಎಂದು ಸಂಗಣ್ಣನಿಗೆ ಹೇಳಿ ಹೋದೆ. "ಆರಾಮ ಹೋಗಿ ಬಾ" ಎಂದ. ಐದನೆಯ ದಿನ ಬಸ್ಸಿಳಿದವನು ಮನೆಗೂ ಹೋಗದೆ ಹೊಳೆಗೆ ಹೋದೆ. ಹೊತ್ತು ನೆತ್ತಿಯ ಮೇಲಿತ್ತು. ಹುಲಗಪ್ಪ ಬಲೆ ಹೆಣೆಯುತ್ತಿದ್ದ; ತಲೆ ಎತ್ತಲಿಲ್ಲ.

"ದೋಣಿ ಎಲ್ಲೋ?"

"ಸಂಗಣ್ಣಾರು ಒಯ್ದಾರ್ರಿ. ನೀವೂ ಹಿಂದ ಬರ್ತೀರಿ ಅಂದ್ರು." ಬಲೆಯ ಕಣ್ಣೊಂದನ್ನು ಎಳೆದು ಬಿಗಿದ. "ನಾ ನಂಬಿಬಿಟ್ಟೆ ಸರ."

ನೋಡಿದೆ. ನೀರಿನ ಮೇಲೆ ಎರಡು ಮೋಟಾರ್ ಬೋಟು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಜನ. ಎರಡನೆಯದರ ಹಿಂದೆ, ಹಗ್ಗ ಬಿಗಿದು, ಎತ್ತನ್ನು ಕಟುಕನ ಮನೆಗೆ ಎಳೆದೊಯ್ಯುವ ಹಾಗೆ, ನಮ್ಮ ದೋಣಿ. ಫೋಟೋಕ್ಕೆ ಚೆಂದವೆಂದು ಹಾಯಿ ಎತ್ತಿದ್ದರು. ಗಾಳಿ ಮಲಗಿತ್ತು; ಮೋಟಾರಿನ ಓಟವೇ ಎದುರುಗಾಳಿ. ಹಾಯಿ ಹಿಂದಕ್ಕೆ ಉಬ್ಬಿತ್ತು, ದೋಣಿ ಮುಂದಕ್ಕೆ ಹೋಗುತ್ತಿತ್ತು. ಕೆಂಪು ಸೆರಗು ಪಟಪಟ ಬಡಿದುಕೊಳ್ಳುತ್ತಿತ್ತು. ಅವರು ದಿನ್ನೆಗೆ ಹತ್ತಿದರು. ಬಿಳಿ ಹಕ್ಕಿಗಳು ಒಟ್ಟಿಗೆ ಎದ್ದವು. ನಾನೂ ಹೋದರೆ ಅವು ಇಳಿಯುವುದು ಇನ್ನೂ ತಡವಾಗುತ್ತದೆಂದು ದಂಡೆಯಲ್ಲೇ ನಿಂತೆ. ಕೈಗಡಿಯಾರ ನೋಡಿಕೊಂಡೆ; ಹಳೆಯ ಚಟ. ಅರ್ಧ ಗಂಟೆ. ಮುಕ್ಕಾಲು. ಒಂದು. ಹಕ್ಕಿಗಳು ಇಳಿಯಲಿಲ್ಲ, ಜನ ಏಳಲಿಲ್ಲ. ಅಲ್ಲಿ ಊಟದ ಬುತ್ತಿ ಬಿಚ್ಚಿದ್ದರೆಂದು ಆಮೇಲೆ ತಿಳಿಯಿತು, ನನ್ನ ಧ್ವಜದ ಕಟ್ಟೆಯ ಮೇಲೆ.

ಅವರು ಹೋದ ಮೇಲೆ ಹುಲಗಪ್ಪ ಹರಗೋಲಿನಲ್ಲಿ ಕರೆದೊಯ್ದ. ಹಿನ್ನೀರು ಬಂದ ಮೇಲೆ ಅಂದು ಮೊದಲ ಬಾರಿ ದಿನ್ನೆಗೆ ಕಾಲಿಟ್ಟೆ. ಮೊಟ್ಟೆಯೊಂದನ್ನು ಎತ್ತಿದರೆ ಅಂಗೈ ಸುಟ್ಟಿತು. ಚೀಲದಲ್ಲೇ ಇದ್ದ ಹಾಜರಿ ಪುಸ್ತಕ ಬಿಚ್ಚಿ ಒಂದರಿಂದ ನಲವತ್ತಮೂರರವರೆಗೆ ನಡೆದೆ. ಕೆಲವು ಮರಿಗಳು ಕಲ್ಲಿನ ನೆರಳಿಗೆ ಹೋಗಬೇಕೆಂದು ಅರ್ಧ ದಾರಿ ತೆವಳಿದ್ದವು. ಆ ಪುಟದಲ್ಲಿ ನಾನು ಬರೆದದ್ದೆಲ್ಲ ಒಂದೇ ಅಕ್ಷರ, ಗೈರುಹಾಜರಿಯದು. ವಾರದೊಳಗೆ ಉಳಿದ ಹಕ್ಕಿಗಳೂ ಬಿಟ್ಟು ಹೋದವು. ಮರುವರ್ಷ ಬರಲಿಲ್ಲ. ಅದರ ಮರುವರ್ಷವೂ ಇಲ್ಲ.

ಸಂಗಣ್ಣನ ಅಂಗಡಿಗೆ ಹೋದೆ. ಅವನು ಗಿರಾಕಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದ. ಗಿರಾಕಿ ಹೋಗುವವರೆಗೆ ನಿಂತೆ.

"ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡಿದ್ಯಲ್ಲೋ ಸಂಗ್ಯಾ."

"ಹೇಳಿಲ್ಲಲೇ!" ಅವನ ಕೈ ತಾನಾಗಿ ಕೊರಳಿಗೆ ಹೋಯಿತು. "ಲಿಂಗದ ಆಣಿ, ಊರ ಹೆಸರ ಸೈತ ನನ್ನ ಬಾಯಾಗ ಬಂದಿಲ್ಲ. ಬರ್ರಿ ಅಂತ ಕರಕೊಂಡು ಹೋದೆ, ಅಷ್ಟ."

"ತತ್ತಿ ಬೆಂದು ಹೋದವು."

ಅವನು ಸೀರೆ ಮಡಚತೊಡಗಿದ. ಅಂಚಿಗೆ ಅಂಚು ಕೂಡಿಸಿ, ನಿಧಾನವಾಗಿ. "ಅಳಿಯಾ ಬಾದಾಮಿಯೊಳಗ ಹೋಟೆಲ್ ತಗದಾನ. ಯಾರೂ ಬರವಲ್ರು. ಮಾವಾ ಏನರ ಹೊಸಾದು ತೋರಸ್ರಿ ಅಂದ. ಮಗಳ ಮನಿ ಪ್ರಶ್ನೆ, ರಾಘ್ಯಾ. ಅಳಿಯಾ ಕೇಳಿದ್ರ ಒಲ್ಲೆ ಅನ್ನಾಕ ಬರ್ತತೇನು? ಹತ್ತ ನಿಮಿಷ ಅಂದಿದ್ದೆ ಅವರಿಗೆ. ಕೇಳಲಿಲ್ಲ."

"ಮೋಟಾರ್ ಬ್ಯಾಡ ಅಂದಾಂವ ನೀನ."

ಅವನು ಮಡಚಿದ ಸೀರೆಯನ್ನು ಮತ್ತೆ ಬಿಡಿಸಿ ಮಡಚತೊಡಗಿದ. ನಾನು ಅಂಗಡಿಯ ಮೆಟ್ಟಿಲಿಳಿದೆ. ಅಲ್ಲಿಂದ ನಾಲ್ಕು ವರ್ಷ ವಾರಕ್ಕೊಮ್ಮೆ ಹುನಗುಂದಕ್ಕೆ ಹೋಗುವ ಬಸ್ಸು ನಾನಿಲ್ಲದೆ ಹೋಯಿತು. ಹಕ್ಕಿಗಳಿಲ್ಲದ ಮೇಲೆ ಕ್ಯಾಮೆರಾದವರೂ ಬರಲಿಲ್ಲ. ದೋಣಿ ಹೋಟೆಲಿನ ಅಂಗಳ ಸೇರಿತು. ಮಣ್ಣು ತುಂಬಿ ಗುಲಾಬಿ ಹಚ್ಚಿದರು. ಹಾಯಿ ಚಾಲುಕ್ಯರಿಗೆ ಹೋಯಿತು.

ಈಗ ನನ್ನದೊಂದು ತಪ್ಪೊಪ್ಪಿಗೆ. ನಿಶ್ಚಯಕ್ಕೆ ಎರಡು ದಿನ ಮೊದಲು ಹುಲಗಪ್ಪ ಬಂದಿದ್ದ. "ಸರ, ವರ್ಗಾ ಮಾಡಿಸ್ಕೊಂಡು ಹ್ವಾದ ಹುಡುಗರು ಸಿಕ್ಕಾರ." ಬೇರೆ ನಡುಗಡ್ಡೆ, ಇನ್ನೂ ದೂರ. ಒಬ್ಬನನ್ನು ಬಿಟ್ಟು ಇನ್ನೊಬ್ಬ ಹೋಗಬಾರದೆಂಬ ಎರಡನೆಯ ಕಲಮನ್ನು ನಾನು ನೆನೆಯದೆ ಹೋದೆನೆಂದು ಹೇಳಿದರೆ ಸುಳ್ಳಾಗುತ್ತದೆ. ನೆನೆದೇ ಹೋದೆ. ಹರಗೋಲು ಹತ್ತಿ ಅಭ್ಯಾಸಬಲದಿಂದ ಹಿಂದಿನ ಅಂಚಿಗೆ ಕೂತಾಗ ಅದು ವಾಲಿತು. "ಇನ್ನೊಬ್ರು ಇಲ್ಲಲ್ರಿ," ಎಂದ ಹುಲಗಪ್ಪ, "ನಟ್ಟ ನಡುವ ಕುಂದರ್ರಿ." ಮೊದಲ ಬಿಳಿ ಹಕ್ಕಿ ತಲೆಯ ಮೇಲೆ ಹಾಯ್ದಾಗ ನನ್ನ ಕೈ ಮುಂದಿನವನ ಬೆನ್ನು ತಟ್ಟಲು ಎದ್ದು, ಬೆನ್ನು ಸಿಗದೆ, ಮಡಿಲಿಗೆ ಬಂದು ಬಿತ್ತು.

ನಿಶ್ಚಯದ ಊಟದ ಪಂಕ್ತಿಯಲ್ಲಿ ಸಂಗಣ್ಣ ಬಂದು ಪಕ್ಕದಲ್ಲಿ ನಿಂತ. ಹೋಟೆಲಿನ ಮಾವ, ನಿಲ್ಲುವ ಹಕ್ಕಿತ್ತು. ಮುದುಕನಾಗಿದ್ದ. ನನ್ನ ಸುಟ್ಟ ಮೂಗನ್ನೂ, ಮೊಣಕೈವರೆಗೆ ಕಪ್ಪಿಟ್ಟ ತೋಳನ್ನೂ ನೋಡಿದ. ಇಂಥ ಬಿಸಿಲು ಎಲ್ಲಿ ಬೀಳುತ್ತದೆಂದು ಈ ಜಿಲ್ಲೆಯಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಸಿಕ್ಕಾವೇನು?"

"ಇಲ್ಲ," ಎಂದೆ.

"ಸುಳ್ಳ ಹೇಳಾಕ ಯಾವಾಗ ಕಲತಿ ಮಾಸ್ತರ?"

"ಗುರು ಚಲೋ ಸಿಕ್ಕಿದ್ದ."

ಅವನಿಗೆ ನಾಟಿತು. ನನಗೆ ಅದರಿಂದ ಅಂದುಕೊಂಡಷ್ಟು ಸುಖವಾಗಲಿಲ್ಲ. ಬಡಿಸುವವನು ಹೋಳಿಗೆ ಹಾಕಿ ಮುಂದೆ ಹೋದ. ಸಂಗಣ್ಣ ಹೋಗಲಿಲ್ಲ.

"ಮರಿ ಎಷ್ಟದಾವ? ಅಷ್ಟ ಹೇಳು."

ಹಾಜರಿ ಕೇಳಿದರೆ ಮಾಸ್ತರನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. "ಇಪ್ಪತ್ತಾರು."

ಅವನು ಕಣ್ಣು ಮುಚ್ಚಿದ. ಆಚೆ ಅವನ ಅಳಿಯ ಯಾರಿಗೋ ಕೈಮುಗಿದು ನಗುತ್ತಿದ್ದ. ಸಂಗಣ್ಣ ಅತ್ತ ಒಮ್ಮೆ ನೋಡಿ, ಬಾಗಿ, ನನ್ನ ಕಿವಿಯ ಹತ್ತಿರ ಹೇಳಿದ:

"ಜಾಗಾ ಹೇಳಬ್ಯಾಡ. ನಾ ಕೇಳಿದ್ರೂ ಹೇಳಬ್ಯಾಡಲೇ. ಮಾತ ಕೊಡು."

ಈ ಸಲ ಜನಿವಾರ ಮುಟ್ಟಲಿಲ್ಲ; ಕೈ ಎಂಜಲಾಗಿತ್ತು. ಬರೀ ಬಾಯಿಮಾತಿನಲ್ಲಿ ಕೊಟ್ಟೆ.

ಮುಂದಿನ ವಾರ ಫೋನು ಬಂತು. ನಾಲ್ಕು ವರ್ಷದ ಮೇಲೆ ಮೊದಲ ಫೋನು. ಮೊಮ್ಮಕ್ಕಳ ಸುದ್ದಿ, ಮೊಣಕಾಲಿನ ಸುದ್ದಿ, ಮಳೆಯ ಸುದ್ದಿ ಎಲ್ಲ ಆದ ಮೇಲೆ, ಹಳೆಯ ದನಿಯಲ್ಲಿ, "ಅಲ್ಲಲೇ ರಾಘ್ಯಾ, ಅವು ಈಗ ಎಲ್ಲಿ ಕುಂತಾವು?" ಎಂದ.

ಹೇಳಲಿಲ್ಲ. ಅವನಿಗೆ ಮಾತು ಕೊಟ್ಟಿದ್ದೆನಲ್ಲ.